ಕೋಡ್ ಎಡಿಟರನ್ನು ತೂಗಿ ನೋಡುವ ಬಗೆ

ತಕ್ಕಡಿಯನ್ನು ಕೊಳ್ಳಹೊರಟವನು ಅದರ ಬಣ್ಣವನ್ನು ನೋಡಿ ಕೊಳ್ಳುವುದಿಲ್ಲ. ತಟ್ಟೆ ಬರಿದಾಗಿರುವಾಗ ಅದು ಸೊನ್ನೆಯನ್ನು ತೋರಿಸುವುದೋ ಇಲ್ಲವೋ ಎಂಬುದನ್ನು ಮೊದಲು ನೋಡುತ್ತಾನೆ. ಬಳಿಕ ತೂಕ ಗೊತ್ತಿರುವ ಒಂದು ಬಟ್ಟನ್ನು ಅದರ ಮೇಲಿಟ್ಟು, ತೋರಿದ ಅಂಕಿ ಸರಿಯೇ ಎಂದು ಪರೀಕ್ಷಿಸುತ್ತಾನೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ವ್ಯಾಪಾರ ಮಾಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ವರ್ನಿಯರ್ ಮಾಪಕವನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯೂ ಮೊದಲು ಅದರ ಕನಿಷ್ಠ ಅಳತೆಯನ್ನೂ ಶೂನ್ಯದೋಷವನ್ನೂ ಬರೆದಿಟ್ಟುಕೊಳ್ಳುತ್ತಾನೆ. ಆದರೆ ಅದೇ ವಿದ್ಯಾರ್ಥಿ ಗಣಕದ ಮುಂದೆ ಕುಳಿತು ಜಾಲಪುಟವೊಂದನ್ನು ಬರೆಯಲು ಹೊರಟಾಗ ಮಾತ್ರ, ಯಾವ ಎಡಿಟರ್ ಒಳ್ಳೆಯದೆಂದು ಗೆಳೆಯನನ್ನು ಕೇಳಿ, ಅವನು ಹೇಳಿದ್ದನ್ನು ಹಾಕಿಕೊಂಡು ಸುಮ್ಮನಾಗುತ್ತಾನೆ. ಎಡಿಟರೂ ಒಂದು ಉಪಕರಣವೇ. ಅದನ್ನೂ ತೂಗಿ ನೋಡಬಹುದು. ಹಾಗೆ ತೂಗಲು ಬೇಕಾದ ಬಟ್ಟುಗಳು ಕನ್ನಡ ಬಲ್ಲವರ ಕೈಯಲ್ಲೇ ಇವೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು – ಈ ಮೂರೂ ಹುಬ್ಬಳ್ಳಿಯಿಂದ ಬೆಂಗಳೂರಿನತ್ತ ಹೋಗುವ ರೈಲುಹಾದಿಯಲ್ಲಿ ಇದೇ ಕ್ರಮದಲ್ಲಿ ಬರುವ ಊರುಗಳು. ಈ ಊರುಗಳ ಕಾಲೇಜೊಂದರ ವಿದ್ಯಾರ್ಥಿಯೊಬ್ಬನು ಕಡ್ಡಿ, ಡಬ್ಬಿ ಎಂಬ ಎರಡು ಬಗೆಯ ಮೆಣಸಿನಕಾಯಿಯ ದಿನದ ದರವನ್ನು ರೈತರಿಗೆ ಕನ್ನಡದಲ್ಲಿ ತಿಳಿಸುವ ಸಣ್ಣದೊಂದು ಜಾಲಪುಟವನ್ನು ರಚಿಸಬೇಕೆಂದಿರುವನೆಂದು ಭಾವಿಸೋಣ. ಅವನಿಗೆ ಎಂಥ ಎಡಿಟರ್ ಬೇಕು? ಇದಕ್ಕೆ ಉತ್ತರ ಹೇಳುವ ಮೊದಲು ಎಡಿಟರ್ ಎಂದರೇನು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು.

ಪತ್ರ, ಅರ್ಜಿ, ಪ್ರಬಂಧಗಳನ್ನು ಬರೆಯಲು ನಾವು ಬಳಸುವ ವರ್ಡ್ ಮೊದಲಾದ ತಂತ್ರಾಂಶಗಳು ಅಕ್ಷರಗಳ ಜೊತೆಗೆ ಅವುಗಳ ಗಾತ್ರ, ದಪ್ಪ, ಬಣ್ಣ, ಪುಟದ ಅಂಚು ಎಂಬಿವೇ ಮೊದಲಾದ ಹತ್ತಾರು ಸಂಗತಿಗಳನ್ನು ಕಡತದೊಳಗೆ ತುಂಬಿಡುತ್ತವೆ. ಜಾಲಪುಟಕ್ಕೆ ಇವು ಬೇಡ. ಎಚ್‌ಟಿಎಂಎಲ್, ಸಿಎಸ್ಎಸ್, ಜಾವಾಸ್ಕ್ರಿಪ್ಟ್ ಎಂಬ ಮೂರು ಭಾಷೆಗಳ ಬರಹವೂ ಬರಿಯ ಅಕ್ಷರಗಳ ಸರಮಾಲೆ. ನಾವು ಒತ್ತಿದ ಅಕ್ಷರಗಳನ್ನು ಕೂಡಿಸದೆ, ಕಳೆಯದೆ, ಮಾರ್ಪಡಿಸದೆ ಕಡತದಲ್ಲಿ ಇಡುವುದೇ ಎಡಿಟರಿನ ಮೊದಲ ಧರ್ಮ. ಉಳಿದುವೆಲ್ಲ ಆಮೇಲಿನ ಅನುಕೂಲಗಳು. ವರ್ಡ್‌ನಲ್ಲಿ ಬರೆದ ಉದ್ಧರಣ ಚಿಹ್ನೆ ತಾನಾಗಿಯೇ ಬಾಗಿದ ಚಿಹ್ನೆಯಾಗುವುದನ್ನು ನೀವು ನೋಡಿರಬಹುದು. ಮುದ್ರಣಕ್ಕೆ ಅದು ಅಂದ. ಎಚ್‌ಟಿಎಂಎಲ್‌ಗೆ ಅದು ಉದ್ಧರಣ ಚಿಹ್ನೆಯೇ ಅಲ್ಲ. ಅಲ್ಲಿಂದ ನಕಲು ಮಾಡಿ ತಂದ ಸಾಲು ಕಣ್ಣಿಗೆ ಸರಿಯಾಗಿಯೇ ಕಂಡರೂ ಬ್ರೌಸರಿನಲ್ಲಿ ಕೆಡುವುದು ಇದರಿಂದಲೇ.

ಎಡಿಟರುಗಳ ಇತಿಹಾಸ ದೀರ್ಘವಾದದ್ದು. ಅದರಲ್ಲಿ ಒಂದು ಪ್ರಸಂಗವನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಉಪಕರಣದ ರೂಪವನ್ನು ಅದು ಹುಟ್ಟಿದ ಕಾಲದ ಭೌತ ಪರಿಸ್ಥಿತಿ ಹೇಗೆ ನಿರ್ಧರಿಸುತ್ತದೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ದೊರೆಯುವುದು ಕಷ್ಟ. 1976ರಲ್ಲಿ ಬರ್ಕ್ಲಿಯಲ್ಲಿ ಬಿಲ್ ಜಾಯ್ ಎಂಬ ವಿದ್ಯಾರ್ಥಿ ‘ವಿಐ’ ಎಂಬ ಎಡಿಟರನ್ನು ಬರೆದನು. ಅವನ ಟರ್ಮಿನಲ್ಲಿಗೂ ಗಣಕಕ್ಕೂ ನಡುವೆ ಇದ್ದುದು 300 ಬಾಡ್ ವೇಗದ ತಂತಿ. ಎಂದರೆ ಸೆಕೆಂಡಿಗೆ ಸುಮಾರು 30 ಅಕ್ಷರಗಳು ಮಾತ್ರ ಹರಿದುಬರುತ್ತಿದ್ದವು. ಸಾಲಿಗೆ 80 ಅಕ್ಷರಗಳಂತೆ 24 ಸಾಲುಗಳ ತೆರೆಯೊಂದನ್ನು ಪೂರ್ತಿ ತುಂಬಲು 1920 ಅಕ್ಷರಗಳು ಬೇಕಷ್ಟೆ. ಭಾಗಿಸಿ ನೋಡಿ: 64 ಸೆಕೆಂಡುಗಳು! ಒಂದು ಸಣ್ಣ ತಿದ್ದುಪಡಿಗೆ ಇಡೀ ತೆರೆಯನ್ನು ಮತ್ತೆ ಬರೆಯುವಂತಿಲ್ಲ. ಆದುದರಿಂದಲೇ ಒಂದೊಂದೇ ಅಕ್ಷರದ ಆಜ್ಞೆಗಳು; ಆಜ್ಞೆ ಕೊಡುವ ಸ್ಥಿತಿ ಬೇರೆ, ಬರೆಯುವ ಸ್ಥಿತಿ ಬೇರೆ ಎಂಬ ವಿಭಾಗ. ಆ ತಂತಿ ಇಂದು ಇಲ್ಲ. ಆ ಆಜ್ಞೆಗಳು ಮಾತ್ರ ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ‘ವಿಮ್’ ಎಂಬ ಎಡಿಟರಿನ ಮೂಲಕ ಇನ್ನೂ ಬದುಕಿವೆ. ಈ ಎರಡು ಸ್ಥಿತಿಗಳ ವಿಭಾಗ ಕನ್ನಡಿಗರಿಗೆ ಒಡ್ಡುವ ತೊಡಕೊಂದುಂಟು. ಅದಕ್ಕೆ ಮುಂದೆ ಬರುತ್ತೇನೆ.

ಅಕ್ಷರದ ತೂಕ

ಗಣಕಕ್ಕೆ ಅಕ್ಷರ ಗೊತ್ತಿಲ್ಲ. ಸಂಖ್ಯೆ ಮಾತ್ರ ಗೊತ್ತು. ಜಗತ್ತಿನ ಲಿಪಿಗಳ ಪ್ರತಿಯೊಂದು ಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡುವ ಯೂನಿಕೋಡ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಹೊರಬಂದಾಗಲೇ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆಯಿತು. ನಮ್ಮ ಪಾಲಿಗೆ ಬಂದಿರುವುದು 3200ರಿಂದ 3327ರವರೆಗಿನ 128 ಸಂಖ್ಯೆಗಳ ಹೊಲ. ಅದರಲ್ಲಿ ‘ಕ’ಕಾರದ ಸಂಖ್ಯೆ 3221, ‘ಬ’ಕಾರದ್ದು 3244. ಸ್ವರಚಿಹ್ನೆಗಳಿಗೂ ಬೇರೆ ಸಂಖ್ಯೆಗಳುಂಟು. ವ್ಯಂಜನದ ಅಕಾರವನ್ನು ಕಳೆಯುವ ಹಲಂತ ಚಿಹ್ನೆಗೂ ಒಂದು ಸಂಖ್ಯೆ ಉಂಟು. ಒತ್ತಕ್ಷರಗಳಿಗೆ ಮಾತ್ರ ಬೇರೆ ಸಂಖ್ಯೆಯಿಲ್ಲ. ವ್ಯಂಜನ, ಹಲಂತ, ಮತ್ತೊಂದು ವ್ಯಂಜನ ಒಂದರ ಮುಂದೊಂದು ಬಂದರೆ ತೆರೆಯ ಮೇಲೆ ಒತ್ತು ತಾನಾಗಿ ಮೂಡಬೇಕು.

ಈ ಲೆಕ್ಕದಿಂದ ‘ಬ್ಯಾಡಗಿ’ ಎಂಬ ಹೆಸರನ್ನು ಬಿಡಿಸೋಣ. ಬ, ಹಲಂತ, ಯ, ಆಕಾರದ ಚಿಹ್ನೆ, ಡ, ಗ, ಇಕಾರದ ಚಿಹ್ನೆ – ಒಟ್ಟು 7 ಸಂಖ್ಯೆಗಳು. ಬಾಯಿಂದ ಹೇಳುವಾಗ ನಾವು ಎಣಿಸುವ ಅಕ್ಷರಗಳಾದರೋ ಮೂರೇ: ಬ್ಯಾ, ಡ, ಗಿ. ‘ಹಾವೇರಿ’ಯಲ್ಲಿಯೂ ಅಕ್ಷರ 3, ಸಂಖ್ಯೆ 6. ‘ರಾಣೆಬೆನ್ನೂರು’ ಎಂಬಲ್ಲಿ ಅಕ್ಷರ 5, ಸಂಖ್ಯೆ 12.

ಇನ್ನು ಈ ಸಂಖ್ಯೆಗಳನ್ನು ಕಡತದಲ್ಲಿ ಇಡುವ ಬಗೆ. ಕಡತದ ಮೂಲಮಾನ ಬೈಟು. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಸಂಖ್ಯೆ ಮಾತ್ರ ಹಿಡಿಯುತ್ತದೆ. 3221 ಅದರಲ್ಲಿ ಹಿಡಿಸದು. ಇದಕ್ಕೆ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬಿಬ್ಬರು 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಭೋಜನಗೃಹದಲ್ಲಿ, ಊಟದ ಮೇಜಿನ ಮೇಲೆ ಹಾಸಿದ್ದ ಕಾಗದದ ಮೇಲೆಯೇ ಗೀಚಿ ರೂಪಿಸಿದ ಯುಟಿಎಫ್-8 ಎಂಬ ಕ್ರಮ ಇಂದು ಜಾಲಪುಟಗಳ ಅಂಗೀಕೃತ ಕ್ರಮವಾಗಿದೆ. ಅದರಲ್ಲಿ ಕನ್ನಡದ ಪ್ರತಿ ಸಂಖ್ಯೆಗೂ ಮೂರು ಬೈಟುಗಳು ಬೇಕು. ಅವುಗಳನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. 3221ನ್ನು 64ರಿಂದ ಭಾಗಿಸಿರಿ. ಭಾಗಲಬ್ಧ 50, ಶೇಷ 21. ಎರಡಕ್ಕೂ 128ನ್ನು ಕೂಡಿಸಿರಿ. 178 ಮತ್ತು 149 ಬಂತು. ಮುಂದೆ 224ನ್ನು ಇಡಿರಿ. 224, 178, 149 – ಇದೇ ಕಡತದೊಳಗಿನ ‘ಕ’. ಕನ್ನಡದ ಯಾವ ಚಿಹ್ನೆಯನ್ನು ತೆಗೆದುಕೊಂಡರೂ ಮೊದಲ ಬೈಟು 224, ಎರಡನೆಯದು 178 ಅಥವಾ 179. ‘ಬ’ಕಾರಕ್ಕೆ ನೀವೇ ಮಾಡಿ ನೋಡಿ, 224, 178, 172 ಬರಬೇಕು.

ಹೀಗಿರುವಲ್ಲಿ ಮೊದಲನೆಯ ಪ್ರಯೋಗ ಬಹು ಸುಲಭವಾದದ್ದು. ಪರೀಕ್ಷಿಸಬೇಕಾದ ಎಡಿಟರಿನಲ್ಲಿ ಹೊಸ ಕಡತವೊಂದನ್ನು ತೆರೆದು ‘ಬ್ಯಾಡಗಿ’ ಎಂಬ ಒಂದೇ ಪದವನ್ನು ಬರೆಯಿರಿ. ಖಾಲಿ ಜಾಗವನ್ನಾಗಲಿ, ಎಂಟರ್ ಕೀಲಿಯನ್ನಾಗಲಿ ಒತ್ತಬೇಡಿರಿ. ಕಡತವನ್ನು ಉಳಿಸಿ, ಅದರ ಗಾತ್ರವನ್ನು ಬೈಟುಗಳಲ್ಲಿ ನೋಡಿರಿ. (ವಿಂಡೋಸ್ ಎರಡು ಗಾತ್ರಗಳನ್ನು ತೋರಿಸುತ್ತದೆ, ಡಿಸ್ಕಿನಲ್ಲಿ ಆಕ್ರಮಿಸಿದ ಗಾತ್ರ ನಮಗೆ ಬೇಡ.) 7 ಸಂಖ್ಯೆಗಳಿಗೆ ತಲಾ 3 ಬೈಟುಗಳಂತೆ 21 ಬಂದಿದ್ದರೆ ತಕ್ಕಡಿ ಸರಿಯಾಗಿದೆ. 24 ಬಂದರೆ, ಕಡತದ ತಲೆಯಲ್ಲಿ ‘ಬಾಮ್’ ಎಂಬ ಮೂರು ಬೈಟುಗಳ ಗುರುತೊಂದನ್ನು ಎಡಿಟರು ಸೇರಿಸಿದೆ ಎಂದರ್ಥ. ಇದು ತಕ್ಕಡಿಯ ಶೂನ್ಯದೋಷದಂತೆ. ಜಾಲಪುಟಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲದಿದ್ದರೂ ಬೇರೆ ಕೆಲವು ಕ್ರಮವಿಧಿಗಳಿಗೆ ಅಡ್ಡಿಯಾಗುತ್ತದೆ. 16 ಬಂದರೆ ಅದು ಯುಟಿಎಫ್-16 ಎಂಬ ಮತ್ತೊಂದು ಕ್ರಮ: ಸಂಖ್ಯೆಗೆ ಎರಡು ಬೈಟು, ಗುರುತಿಗೆ ಎರಡು. 22 ಬಂದರೆ ಗಾಬರಿ ಬೇಡ. ವಿಮ್‌ನಂಥ ಎಡಿಟರು ಸಾಲು ಮುಗಿಯಿತೆಂಬ ಒಂದು ಗುರುತನ್ನು ಕೊನೆಯಲ್ಲಿ ತಾನೇ ಸೇರಿಸುತ್ತದೆ.

7 ಬಂದರೆ?

ಇದೊಂದೇ ನಿಜವಾದ ಅನಾಹುತ. ‘ಆನ್ಸಿ’ ಎಂಬ ಹಳೆಯ ಪಾಶ್ಚಾತ್ಯ ಕ್ರಮದಲ್ಲಿ ಕಡತವನ್ನು ಉಳಿಸಿದಾಗ, ಅದರಲ್ಲಿ ಕನ್ನಡಕ್ಕೆ ಸ್ಥಳವೇ ಇಲ್ಲವಾದ್ದರಿಂದ ಪ್ರತಿ ಚಿಹ್ನೆಯ ಸ್ಥಾನದಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತದೆ. ಏಳು ಪ್ರಶ್ನಾರ್ಥಕಗಳು, ಏಳು ಬೈಟುಗಳು. ಕಡತವನ್ನು ಮುಚ್ಚಿದ ಮೇಲೆ ಅವುಗಳಿಂದ ಬ್ಯಾಡಗಿಯನ್ನು ಯಾರೂ ಮತ್ತೆ ಪಡೆಯಲಾರರು. ವಿಂಡೋಸಿನ ನೋಟ್‌ಪ್ಯಾಡ್ ಬಹುಕಾಲ ಈ ಕ್ರಮವನ್ನೇ ವಾಡಿಕೆಯಾಗಿ ಇಟ್ಟುಕೊಂಡಿತ್ತು. ಉಳಿಸುವಾಗ ಎಚ್ಚರಿಕೆಯ ಮಾತೊಂದನ್ನು ತೋರಿಸುತ್ತಿತ್ತೆಂಬುದು ನಿಜ. ಅದನ್ನು ಓದದೆ ‘ಸರಿ’ ಎಂದು ಒತ್ತುವುದೂ ಮನುಷ್ಯಸ್ವಭಾವವೇ. 2019ರ ವಿಂಡೋಸ್ 10ರ ಆವೃತ್ತಿಯಿಂದ ಈಚೆಗೆ ನೋಟ್‌ಪ್ಯಾಡ್ ಬಾಮ್ ಇಲ್ಲದ ಯುಟಿಎಫ್-8ನ್ನು ವಾಡಿಕೆಯಾಗಿ ಮಾಡಿಕೊಂಡಿದೆ. ಅದಕ್ಕೂ ಹಳೆಯ ವಿಂಡೋಸ್ ಇರುವ ಗಣಕಗಳಲ್ಲಿ ಕೆಲಸ ಮಾಡುವವರು ಈ ಪ್ರಯೋಗವನ್ನು ಖಂಡಿತವಾಗಿ ಮಾಡಬೇಕು.

ಕಡತ ಸರಿಯಿದ್ದೂ ಓದುವ ತಂತ್ರಾಂಶ ತಪ್ಪಾಗಿ ಗ್ರಹಿಸುವುದು ಮತ್ತೊಂದು ಬಗೆ. 224, 178, 149 ಎಂಬ ಬೈಟುಗಳನ್ನು ಪಾಶ್ಚಾತ್ಯ ಕ್ರಮದಲ್ಲಿ ಓದಿದರೆ, ತಲೆಯ ಮೇಲೆ ಓರೆಗೆರೆಯಿರುವ ರೋಮನ್ ‘ಎ’, ವರ್ಗವನ್ನು ಸೂಚಿಸಲು ನಾವು ಮೇಲೆ ಬರೆಯುವ ಸಣ್ಣ ಎರಡು, ಒಂದು ದಪ್ಪ ಚುಕ್ಕೆ – ಇವು ಕಾಣುತ್ತವೆ. ಕನ್ನಡದ ಪುಟವೊಂದರಲ್ಲಿ ಸಾಲುಸಾಲಾಗಿ ಈ ‘ವರ್ಗ’ಗಳು ಕಂಡರೆ ಯಾವುದೋ ಗಣಿತ ಪುಸ್ತಕವೆಂದು ತಿಳಿಯಬೇಡಿರಿ, ಎರಡನೆಯ ಬೈಟಾದ 178 ಅಲ್ಲಿ ಮುಖ ತೋರಿಸುತ್ತಿದೆ, ಅಷ್ಟೆ. ಇಲ್ಲಿ ಏನೂ ನಷ್ಟವಾಗಿಲ್ಲ. ಎಚ್‌ಟಿಎಂಎಲ್‌ನ ಶಿರೋಭಾಗದಲ್ಲಿ ಯುಟಿಎಫ್-8 ಎಂದು ಸಾರುವ ಮೆಟಾ ಟ್ಯಾಗನ್ನು ಇಟ್ಟರೆ ಸಾಕು. ಆ ಸಾರಿಕೆ ಕಡತದ ಮೊದಲ 1024 ಬೈಟುಗಳೊಳಗೆ ಬರಬೇಕೆಂದು ನಿಯಮವುಂಟು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದು ಧಾರಾಳವಾದ ಜಾಗ. ನಮಗಾದರೋ 1024ನ್ನು 3ರಿಂದ ಭಾಗಿಸಬೇಕು – 341 ಚಿಹ್ನೆಗಳು. ಕಡತದ ತಲೆಯಲ್ಲಿಯೇ ಕನ್ನಡದಲ್ಲಿ ಉದ್ದನೆಯ ಟಿಪ್ಪಣಿ ಬರೆದು, ಮೆಟಾ ಟ್ಯಾಗನ್ನು ಅದರ ಕೆಳಗೆ ಇಡುವ ವಿದ್ಯಾರ್ಥಿ ಈ ಎಲ್ಲೆಯನ್ನು ತಿಳಿಯದೆಯೇ ದಾಟಿಬಿಡಬಹುದು.

ಹಳೆಯ ಕಡತಗಳ ಸಂಗತಿ ಬೇರೆ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ – ಇವು ಕನ್ನಡಕ್ಕೆ ಗಣಕದ ಬಾಗಿಲು ತೆರೆದ ತಂತ್ರಾಂಶಗಳು. ಅವುಗಳ ಉಪಕಾರ ದೊಡ್ಡದು. ಆದರೆ ಯೂನಿಕೋಡ್ ಬಳಕೆಗೆ ಬರುವ ಮೊದಲು ಇವುಗಳಲ್ಲಿ ಬರೆದ ಕಡತದೊಳಗೆ ಇದ್ದುದು ರೋಮನ್ ಲಿಪಿಯ ಸಂಖ್ಯೆಗಳೇ. ಆ ಸಂಖ್ಯೆಗಳ ಮೇಲೆ ಕನ್ನಡದ ಆಕೃತಿಗಳನ್ನು ತೊಡಿಸಿದ ಅಕ್ಷರಗುಚ್ಛ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತಿತ್ತು. ಅಂಥ ಕಡತವನ್ನು ಕೋಡ್ ಎಡಿಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಇದು ಎಡಿಟರಿನ ದೋಷವಲ್ಲ; ಅದು ಇದ್ದುದನ್ನು ಇದ್ದಂತೆ ತೋರಿಸುತ್ತಿದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಂಡು ಆಮೇಲೆ ಜಾಲಪುಟಕ್ಕೆ ತರಬೇಕು.

ಒಂದೇ ಹಾವೇರಿ, ಎರಡು ಬರಹ

ಎರಡನೆಯ ಪ್ರಯೋಗ ಇನ್ನೂ ಸ್ವಾರಸ್ಯವಾದದ್ದು. ‘ಹಾವೇರಿ’ಯಲ್ಲಿ ಬರುವ ಏಕಾರದ ಚಿಹ್ನೆಗೆ ಯೂನಿಕೋಡಿನಲ್ಲಿ 3271 ಎಂಬ ಒಂದೇ ಸಂಖ್ಯೆಯುಂಟು. ಆದರೆ ಶಾಲೆಯಲ್ಲಿ ನಾವು ಕಲಿತದ್ದು ಎತ್ವ, ಅದಕ್ಕೊಂದು ದೀರ್ಘ ಎಂದಲ್ಲವೆ? ಎತ್ವಕ್ಕೆ 3270, ದೀರ್ಘಚಿಹ್ನೆಗೆ 3285 ಎಂಬ ಸಂಖ್ಯೆಗಳೂ ಇವೆ. ಎರಡನ್ನೂ ಒಂದರ ಮುಂದೊಂದು ಇಟ್ಟರೂ ತೆರೆಯ ಮೇಲೆ ಕಾಣುವುದು ಅದೇ ‘ವೇ’. ಹೀಗೆ ಹಾವೇರಿಯನ್ನು 6 ಸಂಖ್ಯೆಗಳಲ್ಲಿಯೂ ಬರೆಯಬಹುದು, 7 ಸಂಖ್ಯೆಗಳಲ್ಲಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ವಿಧಿಸಿದೆ. ಆದರೆ ಬೈಟುಗಳು 18 ಮತ್ತು 21. ಯಂತ್ರದ ಕಣ್ಣಿಗೆ ಅವು ಬೇರೆ ಬೇರೆ ಪದಗಳೇ.

ಇದನ್ನು ಕಣ್ಣಾರೆ ಕಾಣಬೇಕಾದರೆ ಎಚ್‌ಟಿಎಂಎಲ್ ಕಡತದ ಒಂದು ಸಾಲಿನಲ್ಲಿ ಹಾವೇರಿ ಎಂದು ಎಂದಿನಂತೆ ಬರೆದು, ಅದರ ಕೆಳಗಿನ ಸಾಲಿನಲ್ಲಿ ಹಾವ&#3270;&#3285;ರಿ ಎಂದು ಬರೆಯಿರಿ. ಬ್ರೌಸರಿನಲ್ಲಿ ಎರಡು ಹಾವೇರಿಗಳು ಕಾಣುತ್ತವೆ. ಅಲ್ಲಿಂದ ಎರಡನ್ನೂ ನಕಲು ಮಾಡಿ ನಿಮ್ಮ ಎಡಿಟರಿನ ಹೊಸ ಕಡತದಲ್ಲಿ ಅಂಟಿಸಿ, ಹುಡುಕುವ ಪೆಟ್ಟಿಗೆಯಲ್ಲಿ ಹಾವೇರಿ ಎಂದು ಬರೆದು ಹುಡುಕಿರಿ. ಎಷ್ಟು ಸಿಕ್ಕಿತೆಂದು ಎಣಿಸಿರಿ. ಒಂದೇ ಸಿಕ್ಕಿದರೆ ಎಡಿಟರು ಸಂಖ್ಯೆಗಳನ್ನು ಹೋಲಿಸುತ್ತಿದೆ. ಎರಡೂ ಸಿಕ್ಕಿದರೆ ಅರ್ಥವನ್ನು ಹೋಲಿಸುತ್ತಿದೆ. ಕೋಡ್ ಬರೆಯುವವರಿಗೆ ಮೊದಲನೆಯದೇ ಹೆಚ್ಚು ಪ್ರಾಮಾಣಿಕವೆಂದು ನನ್ನ ಅಭಿಪ್ರಾಯ. ಏಕೆಂದರೆ ಜಾವಾಸ್ಕ್ರಿಪ್ಟ್ ಕೂಡ ಇವೆರಡನ್ನೂ ಬೇರೆಯೆಂದೇ ಹೇಳುತ್ತದೆ. ‘ನಾರ್ಮಲೈಜ್’ ಎಂಬ ವಿಧಿಯಿಂದ ಎರಡನ್ನೂ ಒಂದೇ ರೂಪಕ್ಕೆ ತಂದ ಬಳಿಕವೇ ಸಮವೆಂದು ಒಪ್ಪುತ್ತದೆ. ನಮ್ಮ ದರಪಟ್ಟಿಯ ಪುಟದಲ್ಲಿ ಊರಿನ ಹೆಸರು ಒಂದು ರೂಪದಲ್ಲಿದ್ದು, ರೈತನು ತನ್ನ ಫೋನಿನಲ್ಲಿ ಇನ್ನೊಂದು ರೂಪದಲ್ಲಿ ಬರೆದು ಹುಡುಕಿದರೆ, ಹಾವೇರಿಯ ದರ ಅಲ್ಲೇ ಇದ್ದರೂ ‘ಇಲ್ಲ’ ಎಂಬ ಉತ್ತರ ಬರುತ್ತದೆ. ರಾಣೆಬೆನ್ನೂರು ಎಂದೂ ರಾಣೇಬೆನ್ನೂರು ಎಂದೂ ಎರಡು ರೂಢಿಗಳಿರುವುದು ಇನ್ನೊಂದು ಪ್ರಶ್ನೆ. ಅದನ್ನು ಯಾವ ವಿಧಿಯೂ ತಾನಾಗಿ ಬಗೆಹರಿಸದು, ಪುಟ ಬರೆಯುವವನೇ ಯೋಚಿಸಿ ಎರಡಕ್ಕೂ ಎಡೆಮಾಡಬೇಕು.

ಇದೇ ಜಾತಿಯ ಇನ್ನೊಂದು ತೊಡಕೆಂದರೆ ಕನ್ನಡದ ಸೊನ್ನೆ ಮತ್ತು ಅನುಸ್ವಾರ. ಕಣ್ಣಿಗೆ ಎರಡೂ ಒಂದೇ ವೃತ್ತ, ಸಂಖ್ಯೆಗಳು ಬೇರೆ. ಅನುಸ್ವಾರದ ಸ್ಥಾನದಲ್ಲಿ ಸೊನ್ನೆಯನ್ನು ಒತ್ತುವ ಅಭ್ಯಾಸ ಅನೇಕರಲ್ಲಿದೆ. ಕನ್ನಡ ಅಂಕಿಗಳನ್ನು ಜಾಲಪುಟದ ಪಠ್ಯದಲ್ಲಿ ಧಾರಾಳವಾಗಿ ಬಳಸಬಹುದು. ಸಿಎಸ್ಎಸ್‌ನಲ್ಲಿ ಅಗಲವನ್ನು ೧೦ ಎಂದು ಬರೆದರೆ ಮಾತ್ರ ಬ್ರೌಸರು ಆ ಸಾಲನ್ನು ಮೌನವಾಗಿ ಬಿಟ್ಟುಬಿಡುತ್ತದೆ. ಇನ್ನು ಕಣ್ಣಿಗೆ ಕಾಣದೆಯೇ ಇರುವ ಚಿಹ್ನೆಯೊಂದುಂಟು. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ‘ವೇ’ ಎಂಬುದು ಒತ್ತಾಗಿ ಕೆಳಗಿಳಿಯದಂತೆ ತಡೆಯಲು ಅಗಲವಿಲ್ಲದ ಒಂದು ಚಿಹ್ನೆಯನ್ನು ನಡುವೆ ಇಡುತ್ತೇವೆ. ಪಠ್ಯದಲ್ಲಿ ಅದು ಅವಶ್ಯಕ. ಅಕಸ್ಮಾತ್ತಾಗಿ ಟ್ಯಾಗಿನ ಹೆಸರಿನೊಳಗೋ ಕ್ಲಾಸಿನ ಹೆಸರಿನೊಳಗೋ ನುಸುಳಿದರೆ ದೋಷ ಎಲ್ಲಿದೆಯೆಂದು ಹುಡುಕುತ್ತ ಇಡೀ ಸಂಜೆ ಕಳೆಯಬಹುದು. ಒಳ್ಳೆಯ ಎಡಿಟರು ಇಂಥ ಅಗೋಚರ ಚಿಹ್ನೆಯನ್ನು ಗುರುತು ಹಾಕಿ ತೋರಿಸಬೇಕು. 2021ರಲ್ಲಿ ಕೇಂಬ್ರಿಜಿನ ನಿಕೊಲಸ್ ಬೌಷರ್, ರಾಸ್ ಆಂಡರ್ಸನ್ ಎಂಬ ವಿದ್ವಾಂಸರು ಅಗೋಚರ ಚಿಹ್ನೆಗಳ ಮೂಲಕ ಕೋಡಿನೊಳಗೆ ಮೋಸವನ್ನು ಅಡಗಿಸಿಡಬಹುದೆಂದು ತೋರಿಸಿಕೊಟ್ಟರು. ಅದೇ ವರ್ಷದ ಕೊನೆಗೆ ವಿಎಸ್ ಕೋಡ್ ಎಂಬ ಎಡಿಟರು ಇವುಗಳನ್ನು ಎತ್ತಿ ತೋರಿಸಲು ಆರಂಭಿಸಿತು.

ಮೂರನೆಯದು ಪ್ರಯೋಗವೆನ್ನುವುದಕ್ಕಿಂತ ಅವಲೋಕನ. ಬ್ಯಾಡಗಿ ಎಂಬ ಪದದ ಮೇಲೆ ಬಾಣದ ಕೀಲಿಯಿಂದ ಸಾಗಿರಿ. ಎಷ್ಟು ಹೆಜ್ಜೆಗೆ ದಾಟಿದಿರಿ? ಪದದ ಕೊನೆಯಲ್ಲಿ ಎಡಿಟರಿನ ಕೆಳಪಟ್ಟಿ ಎಷ್ಟನೆಯ ಕಾಲಮ್ ಎಂದು ತೋರಿಸುತ್ತದೆ? ವಿಎಸ್ ಕೋಡ್ 8 ಎನ್ನುತ್ತದೆ, ಎಂದರೆ 7 ಸಂಖ್ಯೆಗಳನ್ನು ಎಣಿಸಿ ಮುಂದಿನ ಸ್ಥಾನವನ್ನು ಹೇಳುತ್ತಿದೆ. ವಿಮ್ ಎರಡು ಅಂಕಿಗಳನ್ನು ನಡುವೆ ಗೆರೆಯಿಟ್ಟು ತೋರಿಸುತ್ತದೆ. ಮೊದಲನೆಯದು ಬೈಟುಗಳ ಲೆಕ್ಕ, ಎರಡನೆಯದು ತೆರೆಯ ಮೇಲಿನ ಸ್ಥಾನದ ಲೆಕ್ಕ. ಯಾವುದೂ ತಪ್ಪಲ್ಲ. ಮೀಟರು, ಮೊಳಗಳಲ್ಲಿ ಅಳೆದಂತೆ. ಯಾವ ಮಾನದಲ್ಲಿ ಅಳೆಯುತ್ತಿದೆಯೆಂದು ನಮಗೆ ತಿಳಿದಿದ್ದರೆ ಸಾಕು.

ಕೀಲಿಮಣೆಯ ಜಗಳ

ಈಗ ಹಿಂದೆ ಬಿಟ್ಟುಬಂದ ತೊಡಕಿಗೆ ಹೋಗೋಣ. ಕನ್ನಡದಲ್ಲಿ ಬರೆಯಲು ನಮ್ಮಲ್ಲಿ ಬಹುಮಂದಿ ಬಳಸುವುದು ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು, ಇಲ್ಲವೆ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸವನ್ನು. ಜಾಲಪುಟ ಬರೆಯುವವನು ಟ್ಯಾಗುಗಳಿಗಾಗಿ ಇಂಗ್ಲಿಷಿಗೂ ಪಠ್ಯಕ್ಕಾಗಿ ಕನ್ನಡಕ್ಕೂ ನಿಮಿಷಕ್ಕೆ ಹತ್ತು ಬಾರಿ ಜಿಗಿಯಬೇಕಾಗುತ್ತದೆ. ವಿಮ್ ಬಳಸುವವನು ಕನ್ನಡದಲ್ಲಿ ಒಂದು ಸಾಲು ಬರೆದು, ಕೀಲಿಮಣೆಯನ್ನು ಬದಲಿಸದೆಯೇ ಆಜ್ಞೆಯ ಸ್ಥಿತಿಗೆ ಹೋಗಿ ಒಂದು ಕೀಲಿಯನ್ನು ಒತ್ತಿದರೆ, ಎಡಿಟರಿಗೆ ತಲಪುವುದು ಕನ್ನಡದ ಚಿಹ್ನೆ. ಆ ಆಜ್ಞೆ ಅದಕ್ಕೆ ತಿಳಿಯದು. 300 ಬಾಡಿನ ತಂತಿಯಿಂದ ಬಂದ ಜಾಣ್ಮೆ ಇಲ್ಲಿ ಕಾಲಿಗೆ ತೊಡರುತ್ತದೆ. ಈಮ್ಯಾಕ್ಸ್ ಎಂಬ ಮತ್ತೊಂದು ಹಳೆಯ ಎಡಿಟರಿನಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಬರಹಕ್ರಮ ಒಳಗೇ ಉಂಟು. ಕಂಟ್ರೋಲ್ ಕೀಲಿಯೊಡನೆ ಕೊಡುವ ಆಜ್ಞೆಗಳು ಅದರಿಂದ ಕೆಡುವುದಿಲ್ಲ. ಕನ್ನಡದಲ್ಲಿ ಹೆಚ್ಚಾಗಿ ಬರೆಯುವವರು ಇದನ್ನು ಗಮನಿಸಬೇಕು. ಟರ್ಮಿನಲ್ ಕಿಟಕಿಯೊಳಗೆ ಓಡುವ ಎಡಿಟರುಗಳಲ್ಲಿ ಮತ್ತೊಂದು ಕೊರತೆಯಿದೆ. ಟರ್ಮಿನಲ್ಲು ತೆರೆಯನ್ನು ಸಮನಾದ ಚೌಕಗಳಾಗಿ ಹಂಚಿಕೊಂಡಿರುವುದರಿಂದ ಕನ್ನಡದ ಒತ್ತುಗಳು ಅನೇಕ ವೇಳೆ ಪಕ್ಕಕ್ಕೆ ಸರಿದು ಚದರಿಹೋಗುತ್ತವೆ. ಕಡತ ಕೆಡುವುದಿಲ್ಲ, ಓದುವ ಕಣ್ಣು ದಣಿಯುತ್ತದೆ.

ವಿಎಸ್ ಕೋಡ್‌ನಲ್ಲಿ ಈ ಕೊರತೆಯಿಲ್ಲದಿರುವುದಕ್ಕೆ ಕಾರಣವಿದೆ. ಮೈಕ್ರೋಸಾಫ್ಟ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಈ ಎಡಿಟರು ಒಳಗಿನಿಂದ ಒಂದು ಬ್ರೌಸರೇ. ಜಾಲಪುಟವನ್ನು ಬರೆಯುವ ಸಾಧನವೇ ಒಂದು ಜಾಲಪುಟವೆಂದರೆ ವಿಚಿತ್ರವಾಗಿ ಕಾಣಬಹುದು. ಆದರೆ ಅದರಿಂದಲೇ ಬ್ರೌಸರಿನಲ್ಲಿ ಕನ್ನಡ ಹೇಗೆ ಮೂಡುವುದೋ ಎಡಿಟರಿನಲ್ಲಿಯೂ ಹಾಗೆಯೇ ಮೂಡುತ್ತದೆ. ಬೆಲೆ ಕೊಡಬೇಕಾದದ್ದು ಸ್ಮೃತಿಯಲ್ಲಿ. ಕನಿಷ್ಠ 1 ಗಿಗಾಬೈಟ್ ಎಂದು ತಯಾರಕರು ಹೇಳಿದ್ದಾರೆ. ಪುಟವನ್ನು ನೋಡಲು ಪಕ್ಕದಲ್ಲಿ ಮತ್ತೊಂದು ಬ್ರೌಸರು ತೆರೆದಿರಲೇಬೇಕಲ್ಲ! 2022ರ ಬಳಿಕ ಬಂದ ಇದರ ಆವೃತ್ತಿಗಳು ವಿಂಡೋಸ್ 7ರ ಮೇಲೆ ಓಡುವುದಿಲ್ಲ. ಹಳೆಯ ಗಣಕಗಳಿರುವ ಪ್ರಯೋಗಾಲಯಕ್ಕೆ, ಡಾನ್ ಹೋ ಎಂಬವನು 2003ರಲ್ಲಿ ಆರಂಭಿಸಿದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಹಳ ಹಗುರವಾದದ್ದು, ಮುಕ್ತವಾದದ್ದು. ವಿಂಡೋಸಿಗೆ ಮಾತ್ರ ಸೀಮಿತ.

ವಿದ್ಯುತ್ತು ಹೋಗುವ ಮಾತನ್ನೂ ಇಲ್ಲಿ ಆಡಿಬಿಡಬೇಕು. ಉಳಿಸದ ಬರಹವನ್ನು ಎಡಿಟರು ಎಷ್ಟು ಹೊತ್ತಿಗೊಮ್ಮೆ ಬದಿಗೆ ಎತ್ತಿಡುತ್ತದೆಂಬುದು ನಮ್ಮ ಕಡೆಯವರಿಗೆ ಬಣ್ಣಕ್ಕಿಂತ ಮುಖ್ಯ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ವಾಡಿಕೆಯಂತೆ 7 ಸೆಕೆಂಡಿಗೊಮ್ಮೆ ಪ್ರತಿಯನ್ನು ತೆಗೆದಿಡುತ್ತದೆ. ವಿಮ್ 200 ಅಕ್ಷರಗಳನ್ನು ಒತ್ತಿದಾಗ, ಅಥವಾ 4 ಸೆಕೆಂಡು ಕೈ ತಡೆದಾಗ, ತನ್ನ ಪಕ್ಕದ ಕಡತಕ್ಕೆ ಬರೆಯುತ್ತದೆ. ನಂಬಿಕೆ ಬಾರದಿದ್ದರೆ ನಾಲ್ಕು ಸಾಲು ಬರೆದು, ಉಳಿಸದೆ, ಎಡಿಟರನ್ನು ಬಲವಂತವಾಗಿ ಮುಚ್ಚಿ ಮತ್ತೆ ತೆರೆದು ನೋಡಬಹುದು. ರಾಣೆಬೆನ್ನೂರಿನಲ್ಲಿ ಬೀಜ ಕೊಂಡ ರೈತನು ಒಂದು ಹಿಡಿಯನ್ನು ಮೊದಲು ಮೊಳಕೆಗಿಟ್ಟು ನೋಡುವಂಥ ವಿವೇಕ ಇದು.

ಟ್ಯಾಗುಗಳಿಗೆ ಬಣ್ಣ ಹಚ್ಚುವುದು, ಅರ್ಧ ಬರೆದ ಪದವನ್ನು ತಾನೇ ಪೂರ್ಣಗೊಳಿಸುವುದು, ಮುಚ್ಚದ ಆವರಣವನ್ನು ತೋರಿಸುವುದು – ಇವು ಇಂದಿನ ಎಲ್ಲ ಎಡಿಟರುಗಳಲ್ಲಿಯೂ ಇವೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣದಿಂದಲೇ ಬೆಲೆ, ಎಡಿಟರಿಗೆ ಹಾಗಲ್ಲ. ಆದರೂ ಮುಚ್ಚಲು ಮರೆತ ಉದ್ಧರಣ ಚಿಹ್ನೆಯ ಮುಂದಿನ ಸಾಲುಗಳೆಲ್ಲ ಒಮ್ಮೆಗೇ ಬಣ್ಣ ಬದಲಿಸುವುದು ಕಲಿಯುವವರಿಗೆ ದೊಡ್ಡ ಸಹಾಯವೆಂಬುದನ್ನು ಒಪ್ಪಬೇಕು. ಕೃತಕ ಬುದ್ಧಿಮತ್ತೆಯ ನೆರವಿನಿಂದ ಸಾಲುಗಟ್ಟಲೆ ಕೋಡನ್ನು ತಾನೇ ಬರೆದುಕೊಡುವ ಸೌಕರ್ಯಗಳೂ ಈಗ ಬಂದಿವೆ. ಮೊದಲ ಹತ್ತು ಪುಟಗಳನ್ನು ಅವುಗಳಿಲ್ಲದೆ ಬರೆಯುವುದು ಮೇಲು. ಲೆಕ್ಕಯಂತ್ರ ಕೈಗೆ ಬರುವ ಮುನ್ನ ಮಗ್ಗಿ ಬಾಯಿಗೆ ಬಂದಿರಬೇಕೆಂಬ ಕಾರಣಕ್ಕೆ.

ಎಡಿಟರಿನ ಜನಪ್ರಿಯತೆಯನ್ನು ನೋಡಿ ಆರಿಸುವವರು ಎರಡು ಹೆಸರುಗಳನ್ನು ನೆನೆಯಬೇಕು. ಅಡೋಬಿಯವರು ಜಾಲಪುಟ ಬರೆಯುವವರಿಗಾಗಿಯೇ ರೂಪಿಸಿದ ‘ಬ್ರಾಕೆಟ್ಸ್’ಗೆ 2021ರ ಸೆಪ್ಟೆಂಬರಿನಲ್ಲಿ ಅವರ ಬೆಂಬಲ ನಿಂತಿತು. ಗಿಟ್‌ಹಬ್ 2014ರಲ್ಲಿ ಹೊರತಂದ ‘ಆಟಮ್’ ಒಂದು ಕಾಲಕ್ಕೆ ಎಲ್ಲರ ಬಾಯಲ್ಲೂ ಇದ್ದದ್ದು. 2022ರ ಡಿಸೆಂಬರ್ 15ರಂದು ಅದನ್ನು ಮುಕ್ತಾಯಗೊಳಿಸಿದರು. ಅತ್ತ, 2023ರ ಆಗಸ್ಟಿನಲ್ಲಿ ಬ್ರಾಮ್ ಮೂಲೆನಾರ್ ತೀರಿಕೊಂಡ ಮೇಲೆಯೂ ವಿಮ್‌ನ ಕೆಲಸವನ್ನು ಸ್ವಯಂಸೇವಕರು ಮುಂದುವರಿಸಿದ್ದಾರೆ. ಆದರೆ ಬ್ರಾಕೆಟ್ಸ್, ಆಟಮ್‌ಗಳಲ್ಲಿ ಬರೆದ ಜಾಲಪುಟಗಳಿಗೆ ಏನೂ ಆಗಲಿಲ್ಲವೆಂಬುದನ್ನು ಗಮನಿಸಿರಿ. ಅವು ಬರಿಯ ಅಕ್ಷರಗಳ ಕಡತಗಳಾದ್ದರಿಂದ ಯಾವ ಎಡಿಟರಿನಲ್ಲಿಯಾದರೂ ತೆರೆದುಕೊಳ್ಳುತ್ತವೆ. ಆದುದರಿಂದ ಎಡಿಟರಿನ ಆಯುಷ್ಯದ ಚಿಂತೆಗಿಂತ, ಅದು ಬರೆಯುವ ಕಡತ 21 ಬೈಟು ತೂಗುವುದೋ ಇಲ್ಲವೋ ಎಂಬ ಚಿಂತೆಯೇ ದೊಡ್ಡದು.

ಇನ್ನು ನನ್ನ ಆಯ್ಕೆಯನ್ನು ಕೇಳುವವರಿಗೆ: 4 ಗಿಗಾಬೈಟ್ ಸ್ಮೃತಿಯೂ ಈಚಿನ ವಿಂಡೋಸ್ ಅಥವಾ ಲಿನಕ್ಸೂ ಇರುವ ಗಣಕವಾದರೆ ವಿಎಸ್ ಕೋಡ್, ಹಳೆಯ ವಿಂಡೋಸ್ ಗಣಕಕ್ಕೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಹಳೆಯ ಲಿನಕ್ಸ್ ಗಣಕಕ್ಕೆ ಗೀನಿ ಅಥವಾ ಕೇಟ್. ವಿಮ್, ಈಮ್ಯಾಕ್ಸ್‌ಗಳನ್ನು ಕುತೂಹಲವುಳ್ಳವರು ರಜೆಯಲ್ಲಿ ಕಲಿಯಲಿ. ಫೋನಿನಲ್ಲಿಯೇ ಬರೆಯಬೇಕಾದವರಿಗೂ ಎಡಿಟರುಗಳು ಉಂಟು. ಆದರೆ ಫೋನಿನ ಕೀಲಿಮಣೆ ಪದಗಳನ್ನು ತಾನೇ ತಿದ್ದುವ, ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಅಭ್ಯಾಸವನ್ನು ಮೊದಲು ನಿಲ್ಲಿಸಿಕೊಳ್ಳಬೇಕು. ಯಾವುದನ್ನೇ ಆರಿಸಿಕೊಂಡರೂ ಮೂರು ಊರುಗಳ ಹೆಸರನ್ನು ನಡುವೆ ಏನೂ ಬಿಡದೆ ಒಂದೇ ಸಾಲಿನಲ್ಲಿ ಬರೆದು ಉಳಿಸಿರಿ. ಹಾವೇರಿಗೆ 18, ಬ್ಯಾಡಗಿಗೆ 21, ರಾಣೆಬೆನ್ನೂರಿಗೆ 36 – ಒಟ್ಟು 75 ಬೈಟುಗಳಾಗಬೇಕು. 78 ಬಂದರೆ ಎರಡು ಕಾರಣಗಳಿರಬಹುದು: ಬಾಮ್ ಸೇರಿರಬಹುದು, ಇಲ್ಲವೆ ಹಾವೇರಿಯ ಏಕಾರ ಎರಡಾಗಿ ಒಡೆದಿರಬಹುದು. ಯಾವುದೆಂಬುದನ್ನು ಕಂಡುಹಿಡಿಯುವ ಉಪಾಯವನ್ನು ಓದುಗರೇ ಯೋಚಿಸಲಿ.